ಸೌಂಡ್ ಸಾಲದು ಎಂದ ಅಶ್ವತ್ಥಪ್ಪನವರು

ಕಾರಿಗೆ ಆಂಪ್ಲಿಫೈಯರ್ ಕೂಡಿಸುವ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದೇ: ‘ಯಾವ ಆಂಪ್ ಒಳ್ಳೇದು ಮೇಡಂ?’ ಚಿಕ್ಕಬಳ್ಳಾಪುರದಲ್ಲಿ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತಲೇ ನನ್ನ ಕೂದಲು ಹಣ್ಣಾಯಿತು. ಈಗ ಮಂಡಿ ಮಡಚಿ ಡ್ಯಾಶ್‌ಬೋರ್ಡ್ ಕೆಳಗೆ ತೂರಲು ಆಗುವುದಿಲ್ಲ. ಮನೆಯಲ್ಲಿ ಕೂತಿದ್ದೇನೆ. ಕೂತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಗೌರಿಬಿದನೂರು ಕಡೆಯವಳು. ಐಟಿಐನಲ್ಲಿ ರೇಡಿಯೊ, ಟೀವಿ ರಿಪೇರಿ ಕಲಿತೆ. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ಟೀವಿ ರಿಪೇರಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಕಾರ್ ಸ್ಟೀರಿಯೊ ಅಂಗಡಿಯ ಷಫಿ ಸಾಹೇಬರು ಮಾತ್ರ, ‘ಸೋಲ್ಡರಿಂಗ್ ಬರ್ತದಾ? ಹಂಗಾದ್ರೆ ನಾಳೆ ಬಾಮ್ಮ’ ಎಂದರು. ಹೆಂಗಸು ಎಂದು ಅವರು ಎರಡು ಸಲ ನೋಡಲಿಲ್ಲ. ಬಂದ ಗಿರಾಕಿಗಳು ನೋಡುತ್ತಿದ್ದರು. ನಾನು ಬಾನೆಟ್ ಎತ್ತಿ ಬ್ಯಾಟರಿ ಬಿಚ್ಚುತ್ತಿದ್ದರೆ, ‘ಮೇಸ್ತ್ರಿ ಎಲ್ಲಿ ಹೋದ್ರಮ್ಮ?’ ಎಂದು ಕೇಳುವರು. ‘ಇಲ್ಲೇ ಅವರೆ, ಬರ್ತಾರೆ ಕೂತ್ಕೊಳ್ಳಿ’ ಎಂದು ಹೇಳಿ ಕೆಲಸ ಮುಗಿಸಿಬಿಡುತ್ತಿದ್ದೆ.

ಸಾಹೇಬರು ಕೋಪಿಷ್ಠರು. ಆದರೆ ಕಲಿಸುವಾಗ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಆಂಪ್ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ವಾಟ್ ಲೆಕ್ಕವನ್ನು ಹೆಬ್ಬೆರಳಿನಿಂದ ಮುಚ್ಚಿ, ‘ಇದು ಜಾತ್ರೆ ಬ್ಯಾನರ್ರು, ಓದ್ಬೇಡ. ಒಳಗಡೆ ಸಣ್ಣ ಅಕ್ಷರದಾಗೆ ಆರ್‌ಎಂಎಸ್ ಅಂತ ಇರ್ತದಲ್ಲ, ಅದು ಓದು’ ಎನ್ನುವರು. ಆ ಸಣ್ಣ ಅಕ್ಷರದ ವಾಟ್ ಮಾತ್ರ ಆಂಪ್ ಗಂಟೆಗಟ್ಟಲೆ ಸುಸ್ತಾಗದೆ ಕೊಡುವ ಶಕ್ತಿ. ಸ್ಪೀಕರ್ ಎಷ್ಟನ್ನು ತಾಳುತ್ತದೋ ಅದಕ್ಕೆ ಹತ್ತಿರದ ಆಂಪ್ ಆರಿಸಬೇಕು. ನಾಲ್ಕು ಬಾಗಿಲ ಸ್ಪೀಕರಿಗೆ ನಾಲ್ಕು ಚಾನೆಲ್ಲಿನದು, ಡಿಕ್ಕಿಯಲ್ಲಿ ದಪ್ಪ ಸದ್ದಿಗೆ ಸಬ್ ವೂಫರ್ ಇಟ್ಟರೆ ಅದಕ್ಕೆ ಬೇರೆ. ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಆಯ್ಕೆ ಮುಗಿಯಿತು.

ಫ್ಯೂಸಿನ ಪಾಠವನ್ನು ಅವರು ಬಾಯಲ್ಲಿ ಹೇಳಲಿಲ್ಲ. ಒಂದು ಹಳೆಯ ಬ್ಯಾಟರಿಯನ್ನು ಅಂಗಡಿಯ ಮುಂದಿನ ಮಣ್ಣಿನಲ್ಲಿ ಇಟ್ಟು, ಪ್ಲಸ್ಸಿಗೆ ಒಂದು ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಮೈನಸ್ಸಿಗೆ ಮುಟ್ಟಿಸಿದರು. ಕಣ್ಣು ಮಿಟುಕಿಸುವುದರೊಳಗೆ ವೈರಿನ ಸಿಪ್ಪೆ ಕರಗಿ ಹೊಗೆ ಎದ್ದಿತು. ಆಮೇಲೆ ಅದೇ ಥರದ ಇನ್ನೊಂದು ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ ಮುಟ್ಟಿಸಿದರು. ಚಟ್ ಎಂದಿತು, ಅಷ್ಟೆ. ವೈರ್ ತಣ್ಣಗೇ ಇತ್ತು. ‘ಆಂಪ್ ಹತ್ರ ಫ್ಯೂಸ್ ಹಾಕಿದ್ರೆ ಆಂಪ್ ಉಳೀತದೆ. ಬ್ಯಾಟರಿ ಹತ್ರ ಹಾಕಿದ್ರೆ ಕಾರ್ನಾಗೆ ಇರೋ ಮಕ್ಕಳು ಉಳೀತಾರೆ’ ಎಂದು ಒಳಗೆ ಹೋದರು. ಅಂದಿನಿಂದ ಬ್ಯಾಟರಿಯ ಮಗ್ಗುಲಲ್ಲಿ ಫ್ಯೂಸ್ ಇಲ್ಲದ ಗಾಡಿಯನ್ನು ನಾನು ಅಂಗಡಿಯಿಂದ ಆಚೆ ಕಳಿಸಿಲ್ಲ.

ಎಡವಟ್ಟುಗಳೂ ಆದವು. ಶುರುವಿನಲ್ಲಿ ಟ್ರಾವೆಲ್ಸ್ ಗಾಡಿಯೊಂದಕ್ಕೆ ಆಂಪ್ ಕೂಡಿಸಿದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಯ್ ಎಂಬ ಸದ್ದು ಏರುತ್ತ ಹೋಗುತ್ತಿತ್ತು. ಕರೆಂಟ್ ವೈರ್ ಒಂದು ಪಕ್ಕ, ಹಾಡಿನ ಸಿಗ್ನಲ್ ವೈರ್ ಇನ್ನೊಂದು ಪಕ್ಕ ಎಳೆದಿದ್ದೆ, ಅದರಲ್ಲಿ ತಪ್ಪಿರಲಿಲ್ಲ. ಬೆಳಗ್ಗೆಯಿಂದ ಎಲ್ಲ ಬಿಚ್ಚಿ ಕಟ್ಟಿದೆ. ಕುಯ್ ಹೋಗಲಿಲ್ಲ. ಸಾಹೇಬರು ಬಂದು ಅರ್ಥ್ ಕೊಟ್ಟಿದ್ದ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಅದರಡಿಯ ಪೇಂಟನ್ನು ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದರು. ಸದ್ದು ಮಾಯ. ‘ಪೇಂಟ್ ಮೇಲೆ ಅರ್ಥ್ ಕೊಟ್ರೆ ಕರೆಂಟ್ ಎಲ್ಲಿಗೆ ಹೋಗ್ಬೇಕಮ್ಮ?’ ಎಂದರು. ಅವತ್ತು ಮಧ್ಯಾಹ್ನದ ಊಟ ಅವರದೇ ಡಬ್ಬಿಯಿಂದ.

ಕ್ಯಾಸೆಟ್ ಹೋಯಿತು, ಸೀಡಿ ಬಂತು, ಅದೂ ಹೋಗಿ ಈಗ ಟೀವಿಯಷ್ಟಗಲದ ಸ್ಕ್ರೀನುಗಳು. ಮೊದಲು ಯಾವ ವೈರನ್ನಾದರೂ ಕತ್ತರಿಸಿ ಗಂಟು ಹಾಕುತ್ತಿದ್ದೆವು. ಈಗಿನ ಗಾಡಿಗಳಲ್ಲಿ ಒಂದು ವೈರ್ ಕತ್ತರಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿಕೊಂಡು ಕೂರುತ್ತವೆ. ಅದಕ್ಕೇ ವೈರ್ ಕತ್ತರಿಸದೆ ಕೂಡಿಸುವ ರೆಡಿ ಕಪ್ಲರ್ ತಂದು ಸಿಕ್ಕಿಸುತ್ತೇವೆ. ಗೇನ್ ಕೂರಿಸುವುದನ್ನು ಈಗ ಮೀಟರ್ ಹಿಡಿದು ಮಾಡುತ್ತಾರೆ. ನಾನು ಕೊನೆಯವರೆಗೂ ಕಿವಿಯಲ್ಲೇ ಮಾಡಿದೆ. ಗೇನ್ ಎಂದರೆ ಆಂಪ್ ಮೇಲಿರುವ ಸಣ್ಣ ತಿರುಪು. ಅದನ್ನು ವಾಲ್ಯೂಮ್ ಎಂದು ತಿಳಿಯುವವರೇ ಹೆಚ್ಚು. ಸ್ಟೀರಿಯೊ ಮುಕ್ಕಾಲಿಗೆ ಇಟ್ಟು, ಗೇನನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ, ಹಾಡುವವರ ದನಿ ಒಡೆಯುತ್ತದೆ ಅನ್ನಿಸಿದ ಕ್ಷಣ ಸ್ವಲ್ಪ ಹಿಂದಕ್ಕೆ ತಂದು ಬಿಟ್ಟುಬಿಡಬೇಕು. ಆ ಒಡಕು ಯಾರ ಕಿವಿಗೆ ಮೊದಲು ಕೇಳುತ್ತದೋ ಅವರೇ ಒಳ್ಳೆಯ ಮೇಸ್ತ್ರಿ. ಹಾಗೆಂದು ನಂಬಿದ್ದ ನನಗೆ ನನ್ನ ಕಿವಿಯ ಮೇಲೇ ಅನುಮಾನ ಬರುವಂತೆ ಮಾಡಿದವರು ಅಶ್ವತ್ಥಪ್ಪನವರು. ನನ್ನ ಕೆಲಸದ ಕೊನೆಯ ವರ್ಷಗಳ ಮಾತು ಇದು.

ಅವರು ನಗರಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ಹಿಟ್ಟಿನ ಮಿಷನ್ ಇಟ್ಟುಕೊಂಡಿದ್ದರು. ಜಮೀನು ತಮ್ಮನ ಪಾಲಿಗೆ, ಮಿಷನ್ನು ಇವರ ಪಾಲಿಗೆ. ಪೌರಾಣಿಕ ನಾಟಕಗಳಲ್ಲಿ ಪಾತ್ರ ಕಟ್ಟುತ್ತಿದ್ದ ಗಟ್ಟಿ ಕಂಠದ ಮನುಷ್ಯ. ಮಾತಾಡಿದರೆ ಅಂಗಡಿಯ ಗಾಜಿನ ಬಾಗಿಲು ಅದುರುತ್ತಿತ್ತು. ಹೊಸದಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಜೊತೆಯಲ್ಲಿ ಹೆಂಡತಿ ಲಕ್ಷ್ಮೀದೇವಮ್ಮ.

‘ನಾಟಕದ ಪದಗಳು ಕೇಳ್ಬೇಕಮ್ಮ. ಹಾರ್ಮೋನಿಯಂ ಒಂದೊಂದು ಮನೆಯೂ ಬಿಡಿಬಿಡಿಯಾಗಿ ಕೇಳಿಸ್ಬೇಕು’ ಎಂದರು.

‘ಈಗ ನಾಟಕ ಯಾವೂರಲ್ಲೈತೆ ಅಣ್ಣ?’ ಎಂದೆ.

‘ಬಿಟ್ಟುಬಿಟ್ಟೆ. ಈಗಿನ ಹಾರ್ಮೋನಿಯಂ ಮೇಷ್ಟ್ರುಗಳು ಮೆತ್ತಗೆ ನುಡಿಸ್ತಾರೆ. ಶ್ರುತಿ ಸಿಗಲ್ಲ.’

ನಾಲ್ಕು ಚಾನೆಲ್ಲಿನ ಒಂದು ಹದವಾದ ಆಂಪ್, ಬಾಗಿಲುಗಳಿಗೆ ಒಳ್ಳೆಯ ಸ್ಪೀಕರ್, ಮೇಲುದನಿಗೆ ಎರಡು ಟ್ವೀಟರ್ ಕೂಡಿಸಿಕೊಟ್ಟೆ. ಪದ ಹಾಕಿದರೆ ಹಾರ್ಮೋನಿಯಂ ಎದುರಿಗೇ ಕೂತು ನುಡಿಸಿದಂತಿತ್ತು. ನನಗೇ ಖುಷಿಯಾಯಿತು. ಅಶ್ವತ್ಥಪ್ಪನವರು ಹುಬ್ಬು ಗಂಟಿಕ್ಕಿ ಕೇಳಿ, ‘ಪರವಾಗಿಲ್ಲ, ಸೌಂಡ್ ಸಾಲ್ದು’ ಎಂದು ಹೊರಟರು.

ಮರುವಾರವೇ ಬಂದರು. ‘ಟ್ವೀಟರ್ ಸತ್ತೋಗಿದಾವೆ, ಬರೀ ದಪ್ಪ ಸೌಂಡು ಬರ್ತೈತೆ.’ ಕಿವಿ ಇಟ್ಟು ನೋಡಿದೆ, ಚೆನ್ನಾಗಿದ್ದವು. ಆದರೂ ಬದಲಾಯಿಸಿದೆ. ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿದೆ. ತಿಂಗಳಾಗುವುದರೊಳಗೆ ಮತ್ತೆ ಬಂದರು. ಈ ಸಲ ದೊಡ್ಡ ಆಂಪ್ ಬೇಕೆಂದು ಹಟ. ‘ಅಣ್ಣ, ಈ ಸ್ಪೀಕರ್ ಅಷ್ಟು ತಡೆಯಲ್ಲ’ ಎಂದರೆ, ‘ಸ್ಪೀಕರೂ ದೊಡ್ಡವು ಹಾಕಿ’ ಎಂದರು. ಹಾಕಿದೆ. ಬ್ಯಾಟರಿಯಿಂದ ಇನ್ನೂ ದಪ್ಪದ ವೈರ್ ಎಳೆದು, ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದೆ. ನಾಲ್ಕು ದಿನಕ್ಕೆ ಟ್ವೀಟರ್ ನಿಜಕ್ಕೂ ಸುಟ್ಟಿದ್ದವು. ನೋಡಿದರೆ ಗೇನ್ ತಿರುಪನ್ನು ಯಾರೋ ಕೊನೆಮುಟ್ಟ ತಿರುಗಿಸಿದ್ದರು.

‘ನಾನೇ ತಿರುಗಿಸ್ದೆ. ಏನೂ ಕೇಳಿಸ್ತಿರ್ಲಿಲ್ಲವಲ್ಲ’ ಎಂದರು ಅಶ್ವತ್ಥಪ್ಪನವರು, ಏನೂ ಆಗದವರಂತೆ.

ಅವರು ಹೋದ ಮೇಲೆ ಸಾಹೇಬರು ನನ್ನನ್ನು ಕರೆದು ಕೂರಿಸಿದರು. ಆ ಹೊತ್ತಿಗೆ ಅವರಿಗೂ ವಯಸ್ಸಾಗಿತ್ತು, ಕೋಪ ಇಳಿದಿತ್ತು. ಅದಕ್ಕೇ ಅವರ ಮಾತು ಹೆಚ್ಚು ನಾಟಿತು. ‘ನಾಗವೇಣಮ್ಮ, ಬೇಜಾರ್ ಮಾಡ್ಕೋಬೇಡ. ಒಂದೇ ಗಾಡಿ ಮೂರ್ ಸಲ ವಾಪಸ್ ಬಂತು. ಇಷ್ಟು ವರ್ಷ ಸ್ಪೀಕರ್ ಮುಂದೆ ಕೂತಿದ್ದೀಯ. ಕಿವಿ ಏನಾದ್ರೂ ಮೊದಲಿನಂಗೆ ಇಲ್ವೇನೋ. ಒಂದ್ಸಲ ತೋರಿಸ್ಕೊ.’

ಅವತ್ತು ಮನೆಗೆ ಹೋಗಿ ಅಡುಗೆ ಮಾಡುತ್ತ ನೆನೆಸಿಕೊಂಡೆ. ಯಜಮಾನರು ಹೇಳಿದ್ದನ್ನು ಇತ್ತೀಚೆಗೆ ಎರಡೆರಡು ಸಲ ಕೇಳುತ್ತಿದ್ದೆನಲ್ಲವೇ? ಕುಕ್ಕರ್ ಕೂಗಿದ್ದು ಎಷ್ಟು ಸಲ ಎಂದು ತಪ್ಪುತ್ತಿದ್ದೆನಲ್ಲವೇ? ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಂಡು ಸೋಲ್ಡರ್ ಮಾಡಬಹುದು. ಈ ಕೆಲಸದಲ್ಲಿ ಕಿವಿ ಹೋದರೆ ಎದ್ದು ಮನೆಗೆ ಹೋಗಬೇಕು. ತೋರಿಸಿಕೊಳ್ಳಲು ಧೈರ್ಯ ಬರಲಿಲ್ಲ.

ಮುಂದಿನ ಸಲ ಅಶ್ವತ್ಥಪ್ಪನವರು ಬಂದಾಗ, ಗಾಡಿಯನ್ನು ರಸ್ತೆಯಲ್ಲಿ ಓಡಿಸಿಯೇ ನೋಡೋಣ ಎಂದೆ. ಅವರು ಓಡಿಸಿದರು. ನಾನು ಪಕ್ಕದ ಸೀಟಿನಲ್ಲಿ, ಲಕ್ಷ್ಮೀದೇವಮ್ಮ ಹಿಂದೆ. ಗೌರಿಬಿದನೂರು ರಸ್ತೆ ಹಿಡಿದೆವು. ಸ್ಟೀರಿಯೊ ಆನ್ ಇಟ್ಟು ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಗೇನ್ ಜಾಸ್ತಿಯಾದರೆ ಹಾಡಿಲ್ಲದಾಗಲೂ ಸ್ಪೀಕರಿನಲ್ಲಿ ಸುಸ್ ಎಂದು ಬರುತ್ತದೆ. ಅವರು ಮತ್ತೆ ತಿರುಪು ತಿರುಗಿಸಿದ್ದರು, ಹಾಗಾಗಿ ಆ ಸುಸ್ ಕಾರಿನ ತುಂಬ ಇದ್ದಂತೆ ನನಗೆ ಕೇಳಿಸುತ್ತಿತ್ತು.

‘ಅಣ್ಣ, ಈ ಸದ್ದು ಕೇಳಿಸ್ತಾ ಐತಾ?’ ಎಂದೆ.

‘ಯಾವ ಸದ್ದು?’ ಎಂದು ಕೂಗಿದರು. ‘ಏನೂ ಇಲ್ಲ. ಇಂಜಿನ್ನು ಬೆಣ್ಣೆ ಇದ್ದಂಗೈತೆ.’

ಕಿವಿ ಕೆಡುತ್ತ ಬಂದರೆ ಇಲ್ಲದ ಸದ್ದುಗಳು ಒಳಗೇ ಕೇಳಿಸುತ್ತವಂತೆ. ಇದು ಅದೇ ಇರಬೇಕು ಎಂದುಕೊಂಡೆ.

ಮುಂದೆ ಹುಲ್ಲಿನ ಟ್ರ್ಯಾಕ್ಟರ್ ನಿಧಾನವಾಗಿ ಹೋಗುತ್ತಿತ್ತು. ಹಿಂದಿನಿಂದ ಬಸ್ಸೊಂದು ಒಂದೇ ಸಮನೆ ಹಾರ್ನ್ ಮಾಡುತ್ತ ಬರುತ್ತಿತ್ತು. ಅದು ಮುಂದೆ ಹೋಗಲಿ ಎಂದು ಇವರು ಬಿಡುತ್ತಾರೆಂದುಕೊಂಡರೆ, ಅಶ್ವತ್ಥಪ್ಪನವರು ಟ್ರ್ಯಾಕ್ಟರ್ ದಾಟಲು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು. ಹಾರ್ನ್ ನನ್ನ ಬೆನ್ನಿಗೇ ಬಂದಂತಾಯಿತು. ಏನು ಮಾಡಿದೆನೋ ತಿಳಿಯದು, ಸ್ಟೀರಿಂಗಿಗೆ ಕೈ ಹಾಕಿ ಎಡಕ್ಕೆ ತಳ್ಳಿದೆ. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡು ಮುಂದೆ ಹೋಯಿತು. ಕಾರು ರಸ್ತೆ ಬದಿಯ ಮಣ್ಣಿಗೆ ಇಳಿದು ನಿಂತಿತು.

ಅಶ್ವತ್ಥಪ್ಪನವರು ಗಾಜು ಇಳಿಸಿ ಬಸ್ಸಿನ ಕಡೆ ಕೈ ತೋರಿಸಿದರು. ‘ನೋಡಿದ್ರಾ ಅವನ ಪೊಗರು? ಹಾರ್ನೂ ಹೊಡೀದಂಗೆ ನುಗ್ತಾನೆ’ ಎಂದರು.

ನಾನು ಹಿಂದೆ ತಿರುಗಿ ನೋಡಿದೆ. ಲಕ್ಷ್ಮೀದೇವಮ್ಮ ಎರಡು ಕೈಯಲ್ಲೂ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ಸ್ವಲ್ಪ ಮುಂದೆ ಟೀ ಅಂಗಡಿ ಸಿಕ್ಕಿತು. ಅಶ್ವತ್ಥಪ್ಪನವರು ಕನ್ನಡಿಗೆ ಏನಾಗಿದೆ ಎಂದು ನೋಡುತ್ತಿರುವಾಗ ಲಕ್ಷ್ಮೀದೇವಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

‘ಏಂ ಚೆಪ್ಪೇದಿ ತಾಯಿ’ ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. ‘ಏನಂತ ಹೇಳ್ಲಿ. ಎರಡು ವರ್ಷದಿಂದ ಹಿಂಗೇ. ಮನೇಲಿ ಟೀವಿ ಇಟ್ರೆ ಬೀದಿಗೆಲ್ಲ ಕೇಳಿಸ್ತೈತೆ. ನಾನ್ ಹೇಳಿದ್ರೆ, ನಿನ್ ಮಾತು ನಿಂಗೇ ಕೇಳಲ್ಲ, ಅಷ್ಟು ಮೆತ್ತಗೆ ಮಾತಾಡ್ತೀಯ ಅಂತಾರೆ. ನಾಟಕದಲ್ಲಿ ಶ್ರುತಿ ತಪ್ತು ಅಂತ ಯಾರೋ ನಕ್ಕರು. ಅವತ್ತು ಬಿಟ್ಟಿದ್ದು. ಕಿವಿ ಅಂದ್ರೆ ಸಾಕು, ಊಟ ಬಿಟ್ಟು ಏಳ್ತಾರೆ. ಗಂಡಸು ಮೇಸ್ತ್ರಿ ಆಗಿದ್ರೆ ನಾನು ಇದನ್ನೆಲ್ಲ ಹೇಳ್ತಾನೂ ಇರ್ಲಿಲ್ಲ. ನೀವೇ ಏನಾದ್ರೂ ಮಾಡಿ.’

ನನ್ನ ಕಿವಿಯ ಭಯ ಅರ್ಧ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅದರಿಂದಲೇ ದಾರಿ ಹೊಳೆಯಿತು. ಟೀ ಲೋಟ ಹಿಡಿದು ಅಶ್ವತ್ಥಪ್ಪನವರ ಹತ್ತಿರ ಹೋಗಿ, ಅವರ ಮುಖಕ್ಕೆ ಮುಖ ಕೊಟ್ಟು ಗಟ್ಟಿಯಾಗಿ ಹೇಳಿದೆ.

‘ಅಣ್ಣ, ನಿಮ್ಮ ಗಾಡಿ ಕೆಲಸ ಮಾಡಿ ಮಾಡಿ ನನಗೆ ನನ್ನ ಕಿವಿ ಮೇಲೆ ಅನುಮಾನ ಬಂದ್ಬಿಟ್ಟಿದೆ. ಸಾಹೇಬ್ರೂ ತೋರಿಸ್ಕೊ ಅಂದವ್ರೆ. ಒಬ್ಬಳೇ ಡಾಕ್ಟರ್ ಹತ್ರ ಹೋಗಕ್ಕೆ ಭಯ. ನೀವಿಬ್ರೂ ಜೊತೆಗೆ ಬರ್ತೀರಾ?’

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಅರ್ಥವಾಯಿತೋ ಏನೋ. ‘ಅಯ್ಯೋ, ಅದಕ್ಕೇನಮ್ಮ, ಹೋಗಣ’ ಎಂದರು.

ಚಿಕ್ಕಬಳ್ಳಾಪುರದ ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕಿವಿ ನೋಡಿ, ಪಕ್ಕದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಗೋಡೆಗೆಲ್ಲ ಸ್ಪಾಂಜು, ಹೊರಗಿನ ಒಂದು ಸದ್ದೂ ಇಲ್ಲ. ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಎಷ್ಟೋ ಜನರ ಗಾಡಿಯಲ್ಲಿ ಸದ್ದು ಹೊಂದಿಸಿದವಳು ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದೊಂದು ಸಲ ಸದ್ದು ನಿಂತೇಹೋಯಿತು ಅನ್ನಿಸುವುದು. ಆಮೇಲೆ ಎಲ್ಲೋ ದೂರದಲ್ಲಿ ಸೂಜಿ ಬಿದ್ದಂತೆ ಒಂದು ಕೂಗು. ಒತ್ತುತ್ತಿದ್ದೆ.

‘ನಿಮ್ಮ ವಯಸ್ಸಿಗೆ ಚೆನ್ನಾಗೇ ಇದೆ ಅಮ್ಮ. ಎಡಗಿವಿಯಲ್ಲಿ ಮೇಲಿನ ಸ್ವರ ಸ್ವಲ್ಪ ಕಮ್ಮಿ, ಅಷ್ಟೆ’ ಎಂದರು ಡಾಕ್ಟರು. ಹೊರಗಿನ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಬರುವಷ್ಟರಲ್ಲಿ ಲಕ್ಷ್ಮೀದೇವಮ್ಮ, ‘ಬಂದಿದ್ದೀವಲ್ಲ, ಇವರದ್ದೂ ಒಂದ್ಸಲ ನೋಡ್ಬಿಡಿ’ ಎಂದು ಹೇಳಿಯಾಗಿತ್ತು. ಅಶ್ವತ್ಥಪ್ಪನವರು ಬೇಡವೆನ್ನಲಿಲ್ಲ. ಡಾಕ್ಟರು ಸಣ್ಣ ಕ್ಯಾಮೆರಾ ಇಟ್ಟರು. ಪಕ್ಕದ ಸ್ಕ್ರೀನಿನಲ್ಲಿ ಕಿವಿಯ ದಾರಿ ಕಾಣಬೇಕಾದಲ್ಲಿ ಬೂದು ಬಣ್ಣದ ಗೋಡೆ ಕಟ್ಟಿದಂತಿತ್ತು. ಎರಡು ಕಿವಿಯಲ್ಲೂ.

‘ಏನ್ ಕೆಲಸ ಮಾಡ್ತೀರಾ?’

‘ಹಿಟ್ಟಿನ ಮಿಷನ್ನು.’

‘ಕಿವಿಯ ಕೊಳೆ ಜೊತೆ ಹಿಟ್ಟಿನ ಧೂಳು ಸೇರಿ ಗಟ್ಟಿ ಆಗಿಬಿಟ್ಟಿದೆ. ಹನಿ ಹಾಕಿ ಮೆತ್ತಗೆ ಮಾಡ್ಕೊಂಡು ಮುಂದಿನ ವಾರ ಬನ್ನಿ, ತೆಗೀತೀನಿ. ಅದರ ಹಿಂದೆ ಮಿಷನ್ ಸದ್ದಿಂದ ಏನಾಗಿದೆಯೋ ತೆಗೆದ ಮೇಲೆ ಗೊತ್ತಾಗೋದು. ಅಲ್ಲೀತನಕ ಗಾಡಿ ಓಡಿಸ್ಬೇಡಿ.’

ಆ ವಾರ ಕಳೆಯುವುದು ಕಷ್ಟವಾಯಿತು. ಕಾರಿನ ಕೀ ಲಕ್ಷ್ಮೀದೇವಮ್ಮನ ಸೊಂಟದಲ್ಲಿತ್ತು. ಅವರೇ ಫೋನ್ ಮಾಡಿ ಹೇಳುತ್ತಿದ್ದರು. ಯಜಮಾನರು ಮಾತು ಕಮ್ಮಿ ಮಾಡಿದ್ದಾರಂತೆ. ಹನಿ ಹಾಕಿದ ಮೇಲೆ ಇನ್ನೂ ಮಂದವಾಯಿತೆಂದು ಮಿಷನ್ ಮನೆಯಲ್ಲೇ ಕೂತಿರುತ್ತಾರಂತೆ. ಪೂರ್ತಿ ಹೋದರೆ ಏನು ಗತಿ ಎಂದು ಒಂದೇ ಒಂದು ಸಲ ಕೇಳಿದರಂತೆ. ಅಂಗಡಿಯಲ್ಲಿ ಸಾಹೇಬರು ದಿನಾ, ‘ಆಯಪ್ಪಂದು ಏನಾಯ್ತು?’ ಎನ್ನುವರು.

ಎರಡನೇ ಸಲ ನಾನೂ ಆಸ್ಪತ್ರೆಗೆ ಹೋಗಿದ್ದೆ. ಕಾರು ಓಡಿಸಿಕೊಂಡು ಅವರನ್ನು ಕರೆದುಕೊಂಡು ಬಂದವನು ಅವರ ತಮ್ಮನ ಮಗ. ಅವನು ಕೀಯನ್ನು ಲಕ್ಷ್ಮೀದೇವಮ್ಮನ ಕೈಗೆ ಕೊಟ್ಟು ಬ್ಯಾಂಕಿನ ಕೆಲಸಕ್ಕೆಂದು ಹೋದ. ಒಳಗೆ ಕಿವಿಯ ಕೊಳೆ ತೆಗೆಯುವ ಸಣ್ಣ ಪಂಪಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಒಮ್ಮೆ ನಿಂತಿತು. ಆಮೇಲೆ ಅಶ್ವತ್ಥಪ್ಪನವರ ದನಿ, ಎಂದಿನಂತೆ ಜೋರಾಗಿ, ‘ಡಾಕ್ಟ್ರೇ’ ಎಂದಿತು. ಅಷ್ಟಕ್ಕೇ ನಿಂತುಬಿಟ್ಟಿತು. ಮತ್ತೆ ಕೇಳಿದಾಗ ಆ ದನಿ ಎಷ್ಟು ಸಣ್ಣದಾಗಿತ್ತೆಂದರೆ ಬಾಗಿಲ ಹೊರಗಿದ್ದ ನಮಗೆ ಮಾತು ತಿಳಿಯಲಿಲ್ಲ.

ಪುಟ್ಟ ಕೋಣೆಯ ಪರೀಕ್ಷೆಯೂ ಮುಗಿಯಿತು. ಡಾಕ್ಟರು ನಮ್ಮನ್ನು ಒಳಗೆ ಕರೆದರು. ‘ಮಿಷನ್ನು ಸ್ವಲ್ಪ ತಿಂದಿದೆ, ಅದು ವಾಪಸ್ ಬರಲ್ಲ. ಆದ್ರೆ ಹೆಚ್ಚಿನದೆಲ್ಲ ಕೊಳೆ ಅಡ್ಡ ಇದ್ದಿದ್ದರಿಂದಲೇ ಆಗಿದ್ದು. ಸದ್ಯಕ್ಕೆ ಮಿಷನ್ ಬೇಡ. ಹಿಟ್ಟು ಬೀಸೋವಾಗ ಕಿವಿಗೆ ಮುಚ್ಚಳ ಹಾಕ್ಕೊಳ್ಳಿ, ಸಾಕು.’

ಮಿಷನ್ ಬೇಡ ಎಂದರೆ ಕಿವಿಗೆ ಹಾಕುವ ಶ್ರವಣಯಂತ್ರ ಬೇಡ ಎಂದರ್ಥ. ಲಕ್ಷ್ಮೀದೇವಮ್ಮ ಅದನ್ನು ಹಿಟ್ಟಿನ ಮಿಷನ್ ಎಂದು ತಿಳಿದು ಒಂದು ಗಳಿಗೆ ಗಾಬರಿಯಾದರು. ಬಿಡಿಸಿ ಹೇಳಿದಾಗ ಅವರು ನಕ್ಕ ನಗೆಯನ್ನು ನಾನು ಇನ್ನೂ ಮರೆತಿಲ್ಲ.

‘ನಾನು ಇಷ್ಟು ದಿನ ಹಂಗೆ ಕೂಗಾಡ್ತಿದ್ನೇನೇ?’ ಎಂದರು ಅಶ್ವತ್ಥಪ್ಪನವರು, ಪಿಸುಗುಟ್ಟಿದಂತೆ.

‘ಮಿಷನ್ ನಿಲ್ಸಿದ ಮೇಲೂ’ ಎಂದರು ಹೆಂಡತಿ.

ಆಮೇಲಿನದು ಕೆಲಸದ ಮಾತು. ದೊಡ್ಡ ಆಂಪ್ ಬಿಚ್ಚಿ ಹಳೆಯದನ್ನೇ ಕೂರಿಸಿದೆ, ಗೇನ್ ಮೊದಲಿದ್ದ ಜಾಗಕ್ಕೆ ಬಂತು. ಅವರು ಮತ್ತೆ ನಾಟಕದ ತಾಲೀಮಿಗೆ ಹೋದರು. ಹೊಸಬರಿಗೆ ನಾನು ಹೇಳುವುದಿಷ್ಟು: ಗಿರಾಕಿ ಸೌಂಡ್ ಸಾಲದು ಎಂದರೆ ಡಬ್ಬದ ಕಡೆ ನೋಡುವ ಮೊದಲು ಗಿರಾಕಿಯ ಕಡೆ ನೋಡಿ. ಪಕ್ಕದಲ್ಲಿ ಕೂತವರ ಮುಖವನ್ನೂ ನೋಡಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವತ್ತು ಆಸ್ಪತ್ರೆಯಿಂದ ಹೊರಟ ಗಳಿಗೆ. ಡಾಕ್ಟರು ಓಡಿಸಬಹುದೆಂದ ಮೇಲೆ ಲಕ್ಷ್ಮೀದೇವಮ್ಮ ಸೊಂಟದಿಂದ ಕೀ ತೆಗೆದು ಕೊಟ್ಟರು. ಬ್ಯಾಂಕಿನ ಹತ್ತಿರ ತಮ್ಮನ ಮಗನನ್ನು ಹತ್ತಿಸಿಕೊಂಡು ನನ್ನನ್ನು ಅಂಗಡಿಗೆ ಬಿಡುತ್ತೇವೆಂದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಸ್ಟೀರಿಯೊ ಯಾರೂ ಹಾಕಲಿಲ್ಲ. ಗೇಟಿಗೆ ಬಂದು, ರಸ್ತೆಗೆ ತಿರುಗಲು ಗಾಡಿಗಳು ಖಾಲಿಯಾಗಲಿ ಎಂದು ನಿಂತೆವು. ಅಶ್ವತ್ಥಪ್ಪನವರು ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಂಡರು.

‘ನಾಗವೇಣಮ್ಮ, ಇಲ್ಲೇನೋ ಟಿಕ್ ಟಿಕ್ ಅಂತೈತೆ. ನಿಮ್ಮ ವೈರ್ ಏನಾದ್ರೂ ತಾಕ್ತೈತಾ ನೋಡ್ತೀರಾ?’

ನಾನು ಮುಂದಕ್ಕೆ ಬಗ್ಗಿದೆ. ‘ಅಣ್ಣ, ಅದು ಇಂಡಿಕೇಟರ್ರು.’

‘ಇದಕ್ಕೆ ಸದ್ದು ಇರ್ತೈತಾ?’

‘ತಗೊಂಡ ದಿನದಿಂದ ಐತೆ’ ಎಂದರು ಲಕ್ಷ್ಮೀದೇವಮ್ಮ.

ಅಶ್ವತ್ಥಪ್ಪನವರು ಇಂಡಿಕೇಟರಿನ ಕಡ್ಡಿಯನ್ನು ಕೆಳಕ್ಕೆ ತಂದರು, ಸದ್ದು ನಿಂತಿತು. ಮೇಲಕ್ಕೆ ಎತ್ತಿದರು, ಬಂತು. ಮತ್ತೊಮ್ಮೆ ಹಾಗೇ ಮಾಡಿದರು. ಅಷ್ಟರಲ್ಲಿ ರಸ್ತೆ ಖಾಲಿಯಾಗಿತ್ತು. ‘ಹೋಗಿ, ರಸ್ತೆ ಬಿಟ್ಟೈತೆ’ ಎಂದು ಹೆಂಡತಿ ಮೆಲ್ಲಗೆ ಹೇಳಿದರು.

‘ಒಂದ್ ನಿಮಿಷ ಇರೇ’ ಎಂದರು ಅವರು, ಅಷ್ಟೇ ಮೆಲ್ಲಗೆ.